ಬಟ್ಟಿಗೆ ಸಿಕ್ಕ ಹೊಸ ಕೆಲಸ

ಮೇಲಿನ ಮನೆಯ ಹುಡುಗ ಕೆಟಲ್‌ಬೆಲ್ ಕೊಂಡಿದ್ದಾನೆ, ವ್ಯಾಯಾಮಕ್ಕೆ ಎತ್ತುವ ಹಿಡಿಕೆಯ ಕಬ್ಬಿಣದ ಗುಂಡು. ಯಾರೂ ಹೇಳಬೇಕಾಗಿಲ್ಲ, ಬೆಳಗಿನ ಐದೂವರೆಗೆ ನಮ್ಮ ಸೀಲಿಂಗೇ ಹೇಳುತ್ತದೆ. ಎತ್ತುವಾಗ ಸದ್ದಿಲ್ಲ, ಇಳಿಸುವಾಗ ಧಡ್. ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದೆ. "16 ಕೆಜಿ ಅಂಕಲ್, ರಷ್ಯನ್ ಟೆಕ್ನಿಕ್" ಅಂದ. ಅಂಕಲ್ ಅಂದಿದ್ದಕ್ಕೂ ಸೇರಿಸಿಯೇ ಸಿಟ್ಟು ಬಂತು.

ರಷ್ಯದ್ದೇನೋ ನಿಜ. ಆದರೆ ಅಲ್ಲಿ ಅದು ಮೊದಲು ಇದ್ದದ್ದು ಸಂತೆಯಲ್ಲಿ, ಕಾಳು ತೂಗಲಿಕ್ಕೆ. 16 ಯಾಕೆ, 15 ಯಾಕಲ್ಲ? ಅವರ ಹಳೆಯ ತೂಕ ಪೂಡ್. ಒಂದು ಪೂಡ್ ಅಂದರೆ 16.38 ಕೆಜಿ. 24 ಕೆಜಿಯದು ಒಂದೂವರೆ ಪೂಡ್, 32ರದು ಎರಡು. ಸೋವಿಯತ್ ಸರ್ಕಾರ 1920ರ ದಶಕದಲ್ಲಿ ಪೂಡನ್ನು ಅಂಗಡಿಯಿಂದ ಓಡಿಸಿತು. ಪೈಲ್ವಾನರ ಮನೆಯಲ್ಲಿ ಮಾತ್ರ ಅದು ಉಳಿದುಕೊಂಡಿತು.

ತೂಕದ ಬಟ್ಟು ಅಂದರೆ ನನಗೆ ನಮ್ಮೂರಿನ ಒಂದು ದಿನಸಿ ಅಂಗಡಿ. ಯಜಮಾನರ ಹೆಸರು ಬೇಡ, ಮೊಮ್ಮಕ್ಕಳು ಒಳ್ಳೆಯವರು. ಕಬ್ಬಿಣದ ಬಟ್ಟಿನಲ್ಲಿ ಒಂದು ತೂತು ಇರುತ್ತದಲ್ವಾ? ಅದಕ್ಕೆ ಸೀಸ ತುಂಬಿ ತೂಕ ಸರಿಮಾಡಿ, ಮೇಲೆ ಸರ್ಕಾರದ ಮುದ್ರೆ ಒತ್ತುತ್ತಾರೆ. ಇವರ 2 ಕೆಜಿ ಬಟ್ಟಿನಲ್ಲಿ ತೂತು ಇತ್ತು, ಸೀಸ ಇರಲಿಲ್ಲ. ಅಜ್ಜಿ ಅದನ್ನು ಮಗುಚಿ ತೋರಿಸಿದಳು. "ಎಲ್ಲೋ ಬಿದ್ದೋಯ್ತು ಕಣವ್ವಾ" ಅಂದರು. ಮುಂದಿನ ಸಲ ಅಜ್ಜಿ ಮನೆಯಿಂದಲೇ ಒಂದು ಬಟ್ಟು ತಂದಳು, ಚೀಲದಲ್ಲಿ ಹಾಕಿಕೊಂಡು, ಬಿಸಿಲಲ್ಲಿ ನಡೆದು. ಯಜಮಾನರು ಅದನ್ನು ಕೈಯಲ್ಲಿ ತೂಗಿದರು, ತಿರುಗಿಸಿದರು, ಮೂಸಿಯೂ ನೋಡಿದರು. "ನಿಮ್ಮದರಲ್ಲಿ ಸೀಸ ಜಾಸ್ತಿ ಆಗಿದೆ" ಎಂದು ಪಕ್ಕಕ್ಕಿಟ್ಟರು. ಆಮೇಲೆ ಊರೆಲ್ಲ ಎರಡು ಪಕ್ಷವಾಯಿತು. ಅಜ್ಜಿಯ ಪಕ್ಷದವರೂ ಸಕ್ಕರೆ ಮಾತ್ರ ಅಲ್ಲೇ ತಂದರು, ಯಾಕೆಂದರೆ ಸಾಲ ಕೊಡುತ್ತಿದ್ದದ್ದು ಅವರೊಬ್ಬರೇ.

ಇದನ್ನೆಲ್ಲ ಹುಡುಗನಿಗೆ ಹೇಳೋಣ ಅಂತಿದ್ದೆ. ಅವನು ಮೊಬೈಲಿನಲ್ಲಿ ಸ್ಪರ್ಧೆಯ ವಿಡಿಯೊ ತೆಗೆದ. 10 ನಿಮಿಷದ ಆಟವಂತೆ. ನಡುವೆ ನೆಲಕ್ಕಿಟ್ಟರೆ ಅಲ್ಲಿಗೆ ಮುಗಿಯಿತು. ಈ ನಿಯಮ ನನಗೆ ಬಹಳ ಹಿಡಿಸಿತು, ಮನೆಗಳಿಗೂ ತರಬೇಕು. ಇನ್ನೊಂದು ವಿಷಯ: ಸ್ಪರ್ಧೆಯ ಉಕ್ಕಿನ ಬೆಲ್‌ಗಳೆಲ್ಲ ಒಂದೇ ಗಾತ್ರ. 8 ಕೆಜಿಯದೂ ಅಷ್ಟೇ ದಪ್ಪ, 32ರದೂ ಅಷ್ಟೇ ದಪ್ಪ. ವ್ಯತ್ಯಾಸವೆಲ್ಲ ಒಳಗಿನ ಟೊಳ್ಳಿನಲ್ಲಿ. ತೂಕ ತಿಳಿಯಬೇಕಾದರೆ ಬಣ್ಣ ನೋಡಬೇಕು: 16 ಹಳದಿ, 24 ಹಸಿರು, 32 ಕೆಂಪು. ನಮ್ಮೂರ ಯಜಮಾನರಿಗೆ ಈ ಉಪಾಯ ಗೊತ್ತಿದ್ದರೆ ಸುಮ್ನೆ ಸೀಸ ಕೆರೆಯುತ್ತ ಕೂರಬೇಕಿರಲಿಲ್ಲ. ಒಂದು ಡಬ್ಬ ಪೇಂಟ್ ಸಾಕಿತ್ತು.