ಚೋಟುದ್ದದ ಮೀನು, ಮಾರುದ್ದದ ಫೋಟೋ

ಗಾಳಗಾರರ ಲೋಕದಲ್ಲಿ ಇನ್ನೂ ಬಗೆಹರಿಯದ ಮಹಾಪ್ರಶ್ನೆಯೊಂದಿದೆ: 12 ಸೆಂ.ಮೀ. ಉದ್ದದ ಮೀನು ಗಾಳಕ್ಕೆ ಬಿದ್ದರೆ, ನೀರಿಗೆ ಬಿಡುವ ಮೊದಲು ಅದರ ಫೋಟೋ ತೆಗೆಯಬೇಕೋ ಬೇಡವೋ? ಬೇಕೆನ್ನುವವರ ಪಕ್ಷ ದೊಡ್ಡದು, ಬೇಡವೆನ್ನುವವರ ಗಂಟಲು ದೊಡ್ಡದು. ಮೀನು ಯಾವ ಪಕ್ಷಕ್ಕೂ ಸೇರಿಲ್ಲ. ಅದು ಬಾಯಿ ತೆರೆದು ಮುಚ್ಚಿ ಏನೋ ಹೇಳುತ್ತಲೇ ಇರುತ್ತದೆ, ಫೋಟೋದಲ್ಲಿ ಅದು ನಗುವಿನಂತೆ ಬರುತ್ತದೆ.

ಯಾಕೆ ತೆಗೆಯಬೇಕು ಎಂದು ಕೇಳಿ ನೋಡಿ, ಕಾರಣಗಳಿಗೆ ಬರವಿಲ್ಲ. ಇದು ವರ್ಷದ ಮೊದಲ ಮೀನು. ಇದು ಹೊಸ ರೀಲಿನ ಬೋಣಿ. ಇದು ಮಧ್ಯಾಹ್ನ ಮೂರರ ನಂತರದ ಮೊದಲ ಮೀನು. ಈ ಜಾತಿಯಲ್ಲಿ ಇದೇ ಮೊದಲು, ಯಾವ ಜಾತಿ ಅಂತ ಮಾತ್ರ ಗೊತ್ತಾಗಿಲ್ಲ, ಅದಕ್ಕೇ ಫೋಟೋ. ಈ ಕೊನೆಯ ಕಾರಣದಲ್ಲಿ ಹುರುಳಿದೆ ಎಂದು ಒಪ್ಪೋಣ. ಮರಿಗಳನ್ನು ಗುರುತಿಸುವುದು ನಿಜಕ್ಕೂ ಕಷ್ಟ. ಟ್ರೌಟ್ ಮರಿಯ ಮೈಮೇಲೂ ಸಾಲ್ಮನ್ ಮರಿಯ ಮೈಮೇಲೂ ಬೆರಳು ಅದ್ದಿ ಒತ್ತಿದಂಥ ಒಂದೇ ಥರದ ಪಟ್ಟೆಗಳಿರುತ್ತವೆ. ರೆಕ್ಕೆಗಳು ಬಿಚ್ಚಿಕೊಂಡಿರುವ, ಪಕ್ಕದಿಂದ ತೆಗೆದ ಒಂದು ಸ್ಪಷ್ಟ ಚಿತ್ರವಿದ್ದರೆ ತಿಳಿದವರು ಹೆಸರು ಹೇಳಬಲ್ಲರು. ಆದರೆ ಅಂಥ ಚಿತ್ರದಲ್ಲಿ ಮನುಷ್ಯನ ಮುಖಕ್ಕೆ ಕೆಲಸವೇ ಇಲ್ಲ. ತನ್ನ ಮುಖವಿಲ್ಲದ ಫೋಟೋಗೆ ತೃಪ್ತನಾಗುವ ಗಾಳಗಾರ ಮೀನಿಗಿಂತ ಅಪರೂಪದ ಜಾತಿ. ಸಿಕ್ಕರೆ ಮೊದಲು ಅವನ ಫೋಟೋ ತೆಗೆದಿಡಬೇಕು.

ಸಣ್ಣ ಮೀನಿನ ಫೋಟೋಗೆ ಅದರದ್ದೇ ಶಾಸ್ತ್ರವಿದೆ. ಮೀನನ್ನು ಎದೆಗೆ ಹತ್ತಿರ ಹಿಡಿಯುವಂತಿಲ್ಲ. ಎರಡೂ ತೋಳು ಪೂರ್ತಿ ಚಾಚಿ, ಒಲೆಯಿಂದ ಇಳಿಸಿದ ಪಾತ್ರೆ ಹಿಡಿದವರಂತೆ, ಕ್ಯಾಮೆರಾ ಕಡೆ ಒಡ್ಡಬೇಕು. ಲೆಕ್ಕ ಸರಳ. ಕ್ಯಾಮೆರಾದಿಂದ ಮುಖಕ್ಕೆ 120 ಸೆಂ.ಮೀ., ತೋಳು ಮುಂದೆ ಬಂದದ್ದು 60 ಸೆಂ.ಮೀ. ಮುಖ ಇರುವ ದೂರದ ಅರ್ಧಕ್ಕೇ ಮೀನು ನಿಂತಿದೆ, ಹಾಗಾಗಿ ಮುಖದ ಪಕ್ಕ ಅದು ಎರಡರಷ್ಟು ಕಾಣುತ್ತದೆ. 12 ಇದ್ದದ್ದು 24 ಆಯಿತು. ಆ ನೀರಿನಲ್ಲಿ ಇಟ್ಟುಕೊಳ್ಳಬಹುದಾದ ಕನಿಷ್ಠ ಅಳತೆ 25 ಸೆಂ.ಮೀ. ಎಂದಿದ್ದರೆ, ದೃಕ್‌ಶಾಸ್ತ್ರದ ಅಷ್ಟೂ ಕೃಪೆಯಾದ ಮೇಲೂ ಒಂದು ಸೆಂಟಿಮೀಟರ್ ಬಾಕಿ ಉಳಿಯುತ್ತದೆ.

ಈ ಶಾಸ್ತ್ರಕ್ಕೆ ಇರುವ ಒಬ್ಬನೇ ಶತ್ರು ಹೆಬ್ಬೆರಳು. ಅದೂ ಮೀನಿನ ಜೊತೆಗೇ ಮುಂದೆ ಬಂದು ಎರಡರಷ್ಟಾಗಿರುತ್ತದೆ, ಬಾಳೆಹಣ್ಣಿನ ಗಾತ್ರದ ಆ ಬೆರಳಿನ ಪಕ್ಕ ಮೀನು ಮತ್ತೆ ಚೋಟುದ್ದಕ್ಕೆ ಇಳಿಯುತ್ತದೆ. ಅದಕ್ಕೇ ಪಳಗಿದವರು ಬೆರಳುಗಳನ್ನು ಮೀನಿನ ಹಿಂದೆ ಅಡಗಿಸಿ, ತುದಿಯಿಂದ ಮಾತ್ರ ಚಿವುಟಿ ಹಿಡಿಯುತ್ತಾರೆ. ಚಿವುಟುವ ಜಾಗ ಕಿವಿರಿನ ಹಿಂದೆ, ಎದೆಯ ರೆಕ್ಕೆಗಳ ನಡುವೆ, ಕೆಳಬದಿಯಲ್ಲಿ. ಮೀನಿನ ಹೃದಯ ಇರುವುದೂ ಸರಿಯಾಗಿ ಅಲ್ಲೇ. ಎರಡು ಕಿಲೋ ಮೀನಿನಲ್ಲಿ ಆ ಹೃದಯಕ್ಕೂ ಬೆರಳಿಗೂ ನಡುವೆ ಒಂದಿಷ್ಟು ಮಾಂಸ, ಮೂಳೆ ಇರುತ್ತದೆ. ಇಪ್ಪತ್ತು ಗ್ರಾಂ ಮೀನಿನಲ್ಲಿ ಬೆರಳೇ ಹೆಚ್ಚು ದಪ್ಪ.

ಇನ್ನು ಚಿತ್ರೀಕರಣ. ಗಡಿಯಾರ ಹಿಡಿದು ನೋಡಿದರೆ ಅದು ಹೀಗೆ ಸಾಗುತ್ತದೆ. ಸೊನ್ನೆಯ ಸೆಕೆಂಡಿಗೆ ಮೀನು ನೀರಿನಿಂದ ಮೇಲೆ. "ಲೇ, ಬಾರೋ, ಫೋಟೋ!" 6ನೇ ಸೆಕೆಂಡಿಗೆ ಗೆಳೆಯ ತನ್ನ ಗಾಳ ಕೆಳಗಿಡುತ್ತಾನೆ. ಫೋನು ಒಳಜೇಬಿನಲ್ಲಿದೆ, ಜೇಬಿನ ಜಿಪ್ಪು ದಾರದ ಎಳೆಗೆ ಸಿಕ್ಕಿಕೊಂಡಿದೆ. 14: ಫೋನು ಹೊರಬಂತು. ಟೋಪಿ, ಕಪ್ಪು ಕನ್ನಡಕ ಹಾಕಿರುವ ಯಜಮಾನನ ಗುರುತು ಅದಕ್ಕೆ ಸಿಗುತ್ತಿಲ್ಲ. 19: ಪಾಸ್‌ವರ್ಡ್ ಒತ್ತಬೇಕು, ಬೆರಳು ಒದ್ದೆ, ಪರದೆ ತನಗೆ ತೋಚಿದ ಅಂಕಿ ಒತ್ತಿಕೊಳ್ಳುತ್ತಿದೆ. ನೀರಿನ ಹನಿಯೂ ವಿದ್ಯುತ್ ಹರಿಸುವುದರಿಂದ ಫೋನಿಗೆ ಹನಿಯೂ ಒಂದೇ, ಬೆರಳೂ ಒಂದೇ. 27: ಮೀನು ಒಮ್ಮೆ ಕೊಸರಿ ಒಣ ಜಲ್ಲಿಕಲ್ಲಿನ ಮೇಲೆ ಬೀಳುತ್ತದೆ. 33: ಎತ್ತಿಕೊಂಡದ್ದಾಯಿತು, ಮೈಗೆ ಅಂಟಿದ ಮರಳನ್ನು ಅಂಗೈಯಲ್ಲಿ ಉಜ್ಜಿ ಒರೆಸಿದ್ದೂ ಆಯಿತು, ಫೋಟೋ ಚೆನ್ನಾಗಿ ಬರಬೇಕಲ್ಲ. 41: "ಸ್ವಲ್ಪ ಮೇಲಕ್ಕೆತ್ತೋ. ಟೋಪಿ ಸರಿಸು, ಮುಖಕ್ಕೆ ನೆರಳು ಬೀಳ್ತಿದೆ." 48: ಕ್ಯಾಮೆರಾ ವೀಡಿಯೋದಲ್ಲಿತ್ತು ಎಂದು ತಿಳಿಯುತ್ತದೆ. 55: "ಇನ್ನೊಂದು, ಕಣ್ಣು ಮುಚ್ಚಿಬಿಟ್ಟೆ." "ನಾನಾ, ಮೀನಾ?" "ಮೀನಿಗೆ ರೆಪ್ಪೆ ಎಲ್ಲಿದೆಯೋ!" 60: ಕ್ಲಿಕ್.

ಒಂದು ನಿಮಿಷ ಏನು ಮಹಾ ಎನ್ನುವವರಿಗೆ ಕಿವಿರಿನ ಪರಿಚಯ ಮಾಡಿಕೊಡಬೇಕು. ಬಣ್ಣದ ಕುಂಚವನ್ನು ನೀರಿನಲ್ಲಿ ಅದ್ದಿದರೆ ಕೂದಲು ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ, ಮೇಲೆತ್ತಿದ ತಕ್ಷಣ ಒಂದೇ ಮುದ್ದೆಯಾಗಿ ಅಂಟುತ್ತದೆ. ಕಿವಿರಿನ ಎಳೆಗಳೂ ಹಾಗೆಯೇ, ಅವುಗಳ ಮೇಲಿರುವ ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳೂ ಹಾಗೆಯೇ. ಆಮ್ಲಜನಕ ಹೀರುವುದು ಆ ಹಾಳೆಗಳು. ಗಾಳಿಯಲ್ಲಿ ಅವು ಒಂದಕ್ಕೊಂದು ಅಂಟಿಕೊಂಡರೆ, ಸುತ್ತ ಎಷ್ಟೇ ಗಾಳಿಯಿರಲಿ, ಮೀನಿಗೆ ಉಸಿರಿಲ್ಲ.

1992ರಲ್ಲಿ ಫರ್ಗುಸನ್ ಮತ್ತು ಟಫ್ಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ರೇನ್‌ಬೋ ಟ್ರೌಟ್‌ಗಳ ಮೇಲೆ ನಡೆಸಿದ ಪ್ರಯೋಗ ಗಾಳಗಾರರ ಜಗಳಗಳಲ್ಲಿ ಇವತ್ತಿಗೂ ಎದ್ದು ಬರುತ್ತದೆ. ಮೀನುಗಳನ್ನು ಸುಸ್ತಾಗುವವರೆಗೆ ಓಡಾಡಿಸಿ ಬಿಟ್ಟಾಗ 12 ಗಂಟೆಯೊಳಗೆ ಸತ್ತದ್ದು ಶೇ. 12. ಸುಸ್ತಾದ ಮೇಲೆ 30 ಸೆಕೆಂಡು ಗಾಳಿಯಲ್ಲಿಟ್ಟಾಗ ಶೇ. 38. ಪೂರ್ತಿ 60 ಸೆಕೆಂಡು ಇಟ್ಟಾಗ ಶೇ. 72. ಇದನ್ನೇ ಮಂತ್ರದಂತೆ ಜಪಿಸುವುದೂ ತಪ್ಪು: ಅವು ದಣಿದು ಹಣ್ಣಾಗಿದ್ದ ಮೀನುಗಳು, ಪ್ರಯೋಗಾಲಯದ ತೊಟ್ಟಿಯಲ್ಲಿದ್ದವು, ಬೇರೆ ಜಾತಿಗಳು ಗಾಳಿಯನ್ನು ಇನ್ನಷ್ಟು ತಾಳಬಲ್ಲವು. ಫೋಟೋ ಪಕ್ಷದವರು ಇದನ್ನು ಕೇಳಿ ನೆಮ್ಮದಿಯ ಉಸಿರು ಬಿಡುತ್ತಾರೆ. ನಮ್ಮ ಮೀನು ದಣಿದೇ ಇಲ್ಲ, ಎಂಟು ಸೆಕೆಂಡಿನಲ್ಲಿ ದಡಕ್ಕೆ ಬಂತು! ನಿಜ. ಗಾಳದ ಜೊತೆ ಅದು ಸೆಣಸಿದ್ದು ಎಂಟೇ ಸೆಕೆಂಡು. ಆಮೇಲಿನ ಅರವತ್ತು ಸೆಕೆಂಡು ಸೆಣಸಿದ್ದು ಕ್ಯಾಮೆರಾದ ಜೊತೆ. ದೊಡ್ಡ ಮೀನಿನ ಪಾಲಿಗೆ ಗಾಳವೇ ಕಂಟಕ, ಫೋಟೋ ಅದರ ಬಾಲಂಗೋಚಿ. ಸಣ್ಣ ಮೀನಿನ ಪಾಲಿಗೆ ಗಾಳವೇ ಬಾಲಂಗೋಚಿ.

ಚರ್ಮದ ಲೆಕ್ಕವೂ ಸಣ್ಣದರ ವಿರುದ್ಧವೇ ಇದೆ. 24 ಸೆಂ.ಮೀ. ಮೀನಿನ ಎದುರು ಅದೇ ಆಕಾರದ 12 ಸೆಂ.ಮೀ. ಮೀನಿನ ತೂಕ ಎಂಟನೇ ಒಂದು ಪಾಲು, ಚರ್ಮ ಮಾತ್ರ ನಾಲ್ಕನೇ ಒಂದು ಪಾಲು. ಅಂದರೆ ಪ್ರತಿ ಗ್ರಾಂ ಮೈಗೆ ಎರಡರಷ್ಟು ಚರ್ಮ ಬಿಸಿಲಿಗೆ, ಗಾಳಿಗೆ, ಒಣ ಅಂಗೈಗೆ ತೆರೆದಿರುತ್ತದೆ. 12 ಡಿಗ್ರಿ ನೀರಿನಲ್ಲಿದ್ದ ಮರಿಗೆ 30 ಡಿಗ್ರಿ ಮೀರಿದ ಅಂಗೈ ಅಂದರೆ ಕಾದ ಹೆಂಚು. ಅಂಗೈಗೆ ಹತ್ತಿದ ಲೋಳೆಯನ್ನು "ಥೂ" ಎಂದು ಪ್ಯಾಂಟಿಗೆ ಒರೆಸಿಕೊಳ್ಳುತ್ತೇವಲ್ಲ, ಬ್ಯಾಕ್ಟೀರಿಯಾ ಮತ್ತು ಬೂಷ್ಟುಗಳನ್ನು ತಡೆಯಲು ಮೀನು ಉಟ್ಟುಕೊಂಡ ಬಟ್ಟೆ ಅದೇ. ಅದು ಕಿತ್ತುಹೋದ ಜಾಗದಲ್ಲಿ ಕೆಲವು ದಿನಗಳ ನಂತರ ಹತ್ತಿಯಂಥ ಬಿಳಿ ಬೂಷ್ಟು ಕಾಣಿಸಿಕೊಳ್ಳಬಹುದು. ಆ ಹೊತ್ತಿಗೆ ಫೋಟೋಗೆ ಬಂದ ಲೈಕುಗಳ ಎಣಿಕೆಯೂ ಮುಗಿದಿರುತ್ತದೆ.

ಕಾನೂನು ಏನು ಹೇಳುತ್ತದೆ? ಫ್ಲೋರಿಡಾದಲ್ಲಿ 40 ಇಂಚಿಗಿಂತ ಉದ್ದದ ಟಾರ್ಪನ್ ಮೀನನ್ನು ನೀರಿನಿಂದ ಮೇಲೆತ್ತುವಂತಿಲ್ಲ. ದೈತ್ಯ ಮೀನನ್ನು ದೋಣಿಯ ಅಂಚಿನ ಮೇಲೆ ಎಳೆದರೆ ತನ್ನ ಭಾರಕ್ಕೇ ಒಳಗೆ ಪೆಟ್ಟಾಗುತ್ತದೆ, ನಿಯಮಕ್ಕೆ ಅರ್ಥವಿದೆ. ಅದೇ ಜಾತಿಯ ಮರಿಗೆ ಮಾತ್ರ ಈ ರಕ್ಷಣೆ ಬೇಕೆಂದರೆ 40 ಇಂಚು ಬೆಳೆಯಬೇಕು. ವಾಷಿಂಗ್ಟನ್ ರಾಜ್ಯದವರು ಟೇಪು ಹಿಡಿಯಲಿಲ್ಲ: ಸಿಹಿನೀರಿನಲ್ಲಿ ಹಿಡಿದು ಬಿಡಲೇಬೇಕಾದ ಸಾಲ್ಮನ್, ಸ್ಟೀಲ್‌ಹೆಡ್‌ಗಳನ್ನು (ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ ಟ್ರೌಟ್) ಚಿಕ್ಕದಿರಲಿ ದೊಡ್ಡದಿರಲಿ ನೀರಿನಿಂದ ಪೂರ್ತಿ ಹೊರಗೆ ತೆಗೆಯಬಾರದು ಎಂದುಬಿಟ್ಟರು. ಸ್ವಿಟ್ಜರ್ಲೆಂಡಿನ 2008ರ ಪ್ರಾಣಿ ಸಂರಕ್ಷಣಾ ನಿಯಮಾವಳಿಯಂತೂ ವಾಪಸು ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿದೆ. ಅಲ್ಲಿ ಹಲ್ಲು ಕಿಸಿದು ತೆಗೆಸಿಕೊಂಡ "ಹಿಡಿದೆ, ಬಿಟ್ಟೆ" ಫೋಟೋ ನೆನಪಿನ ಆಲ್ಬಮ್ಮಿಗಿಂತ ಕಡತಕ್ಕೆ ಹೆಚ್ಚು ಒಪ್ಪುತ್ತದೆ.

ಬಿಡುವ ದೃಶ್ಯಕ್ಕೆ ಪ್ರತ್ಯೇಕ ವೀಡಿಯೋ. ಸ್ಲೋ ಮೋಷನ್, ಹಿನ್ನೆಲೆಗೆ ಕೊಳಲು. ಮೀನಿನ ಬಾಲ ಹಿಡಿದು ಹಿಂದಕ್ಕೂ ಮುಂದಕ್ಕೂ ಬಟ್ಟೆ ಜಾಲಿಸಿದಂತೆ ಜಾಲಿಸುತ್ತಾರೆ. ನೀರು ಬಾಯಿಂದ ಒಳಬಂದು ಕಿವಿರಿನಿಂದ ಹೊರಹೋಗಬೇಕು, ಮೀನು ಕಟ್ಟಿಕೊಂಡಿರುವುದೇ ಹಾಗೆ. ಹಿಂದಕ್ಕೆ ಎಳೆದಾಗ ನೀರು ಉಲ್ಟಾ ನುಗ್ಗುತ್ತದೆ. ಹರಿವಿಗೆ ಮುಖ ಮಾಡಿಸಿ ಸುಮ್ಮನೆ ಆಸರೆ ಕೊಟ್ಟರೆ ಸಾಕು, ಆದರೆ ಸುಮ್ಮನಿರುವುದು ವೀಡಿಯೋದಲ್ಲಿ ಕಾಣುವುದಿಲ್ಲ. ಕೊನೆಗೆ ಮೀನು ಸರ್ರನೆ ಹೋಗುತ್ತದೆ, "ನೋಡಿ, ಏನೂ ಆಗಿಲ್ಲ" ಎಂಬ ಸಾಲು ಬೀಳುತ್ತದೆ. ಏನಾದರೂ ಆಗಿದೆಯೇ ಎಂದು ತಿಳಿಯಲು ಬೇರೆ ದಾರಿಯಿದೆ: ನೀರಿನೊಳಗೇ ಮೀನನ್ನು ಹೊಟ್ಟೆ ಮೇಲಾಗುವಂತೆ ತಿರುಗಿಸಿ ಕೈ ಸಡಿಲಿಸಿ. ಮೂರು ಸೆಕೆಂಡಿನೊಳಗೆ ತಾನೇ ಮಗುಚಿಕೊಂಡರೆ ಸರಿ. ಮಗುಚಿಕೊಳ್ಳಲಾರದ ಮೀನು ಹತ್ತು ಮಾರು ಈಜಿದರೂ, ಮುಂದಿನ ಬಂಡೆಯ ಮರೆಯಲ್ಲಿ ಕಾದಿರುವ ದೊಡ್ಡ ಮೀನಿಗೋ ಕೊಕ್ಕರೆಗೋ ತಟ್ಟೆಗೆ ಬಡಿಸಿದ ತುತ್ತು. ಕೊಕ್ಕರೆ ಫೋಟೋ ತೆಗೆಯುವುದಿಲ್ಲ, ಅದೊಂದು ಅದರ ದೊಡ್ಡ ಗುಣ.

ಇಷ್ಟೆಲ್ಲ ಆದ ಮೇಲೂ ಫೋಟೋ ಬೇಕೇ ಬೇಕು ಎನ್ನುವ ಹಟಮಾರಿಗಳು ಇದ್ದೇ ಇರುತ್ತಾರೆ. ಅವರಿಗಾಗಿ, ಸಂಪ್ರದಾಯಕ್ಕೆ ವಿರುದ್ಧವಾದ ಒಂದು ಕ್ರಮ ಹೇಳಬಹುದು, ಅನುಸರಿಸಿದರೆ ಗೆಳೆಯರು ನಗುತ್ತಾರೆ. ಗಾಳ ಎಸೆಯುವ ಮೊದಲೇ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಒತ್ತಿದ ಕೊಕ್ಕೆಯನ್ನು ಬಟ್ಟೆಗೆ ಚುಚ್ಚಿ ಎಳೆದು ನೋಡಿ, ಎಳೆ ಹಿಡಿಯದೆ ಬಂದರೆ ಮೀನಿನ ಬಾಯಿಂದಲೂ ಹಾಗೇ ಬರುತ್ತದೆ. ಗಂಟಿನ ನೈಲಾನ್ ಬಲೆ ಬೇಡ, ಅದು ರೆಕ್ಕೆ ಸೀಳಿ ಹುರುಪೆ ಕೀಳುತ್ತದೆ, ಸಣ್ಣ ಕಣ್ಣಿನ ರಬ್ಬರ್ ಬಲೆ ಇರಲಿ. ಕಣ್ಣು ದೊಡ್ಡದಾದರೆ ಚೋಟುದ್ದದ ಮೀನು ಅದರಲ್ಲಿ ತಲೆ ತೂರಿಸಿ ಕಿವಿರಿಗೇ ಸಿಕ್ಕಿಕೊಳ್ಳುತ್ತದೆ. ಬಲೆ ನೀರಿನಲ್ಲಿ, ಮೀನು ಬಲೆಯಲ್ಲಿ, ಮೀನು ಅಲ್ಲೇ ಇದ್ದುಕೊಂಡು ಉಸಿರಾಡಲಿ. ಎಷ್ಟು ಬೇಕಾದರೂ ಜೇಬು ತಡಕಿ ಈಗ. ಕೊಕ್ಕೆ ಗಂಟಲಿಗೆ ಇಳಿದಿದ್ದರೆ ಮಾತ್ರ ಕೀಳಲು ಹೋಗಬೇಡಿ, ದಾರವನ್ನು ಬಾಯಿಯ ಹತ್ತಿರಕ್ಕೆ ಕತ್ತರಿಸಿ ಬಿಟ್ಟುಬಿಡಿ. ಅಂಥ ಮೀನಿಗೆ ಫೋಟೋ ಭಾಗ್ಯವಿಲ್ಲ.

ಪರದೆ ಒದ್ದೆಯಾದರೂ ವಾಲ್ಯೂಮ್ ಗುಂಡಿ ಕೆಲಸ ಮಾಡುತ್ತದೆ, ಅದನ್ನೇ ಒತ್ತಿ. ಮೇಲಿನಿಂದ ತೆಗೆದರೆ ನೀರಿನ ಹೊಳಪು ಮೀನನ್ನು ನುಂಗುತ್ತದೆ. ಕಪ್ಪು ಕನ್ನಡಕ ಪೋಲರೈಸ್ಡ್ ಆಗಿದ್ದರೆ ಅದರ ಗಾಜನ್ನು ಲೆನ್ಸಿಗೆ ಅಡ್ಡ ಹಿಡಿದು ನಿಧಾನವಾಗಿ ತಿರುಗಿಸಿ, ಒಂದು ಹಂತದಲ್ಲಿ ಹೊಳಪು ಆರಿ ಮೀನು ಎದ್ದು ಬರುತ್ತದೆ. ನೇರ ಕೆಳಗೆ ನೋಡದೆ ಲಂಬದಿಂದ 53 ಡಿಗ್ರಿ ಆಸುಪಾಸು ಓರೆಯಾಗಿ ನೋಡಿದಾಗ ಈ ಉಪಾಯ ಅತಿ ಚೆನ್ನಾಗಿ ಫಲಿಸುತ್ತದೆ. ಮೇಲೆತ್ತಲೇಬೇಕೆಂದರೆ ಕೈ ಒದ್ದೆ ಮಾಡಿಕೊಂಡು, ನೀರಿನ ಮಟ್ಟಕ್ಕೆ ಹತ್ತಿರದಲ್ಲೇ ಎತ್ತಿ, ಮೈಯಿಂದ ನೀರು ತೊಟ್ಟಿಕ್ಕುವುದು ನಿಲ್ಲುವ ಮೊದಲು ಇಳಿಸಿಬಿಡಿ. ಮೀನು ಮೇಲೆ ಬಂದಾಗ ನೀವೂ ಉಸಿರು ಬಿಗಿ ಹಿಡಿಯಿರಿ ಎಂಬ ಹಳೆಯ ಸಲಹೆಯೊಂದಿದೆ. ನ್ಯಾಯ ಸರಿಯಾಗಬೇಕೆಂದರೆ ಮೊದಲು ನಾಲ್ಕು ಮಹಡಿ ಮೆಟ್ಟಿಲು ಓಡಿ ಹತ್ತಿ ಬಂದು ಹಿಡಿಯಬೇಕು, ಹಿಡಿದಿರುವಷ್ಟೂ ಹೊತ್ತು ನಗಬೇಕು.

ಈ ಕ್ರಮದಲ್ಲಿ ಬರುವ ಚಿತ್ರದಲ್ಲಿ ಬಲೆ, ನೀರು, ಮೀನು ಮಾತ್ರ ಇರುತ್ತವೆ. ಜನ ಒಪ್ಪದಿರುವುದು ಅದಕ್ಕೇ. ಹಳೇ ಪದ್ಧತಿಯ ಅರವತ್ತನೇ ಸೆಕೆಂಡಿನ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಜಾಗದ ಗುಟ್ಟು ಬಯಲಾಗಬಾರದೆಂದು ಹಿನ್ನೆಲೆಯನ್ನು ಮಸುಕು ಮಾಡಿದ್ದಾರೆ, ಕಡತದೊಳಗೆ ಅಕ್ಷಾಂಶ ರೇಖಾಂಶ ಹಾಗೇ ಉಳಿದಿವೆ. ಮುಖ ಕಂಡರೆ ಅದರ ಮೇಲೆ ಫೋಕಸ್ ಮಾಡುವಂತೆ ಫೋನಿಗೆ ಕಲಿಸಿದ್ದಾರೆ, ಅದು ತನ್ನ ಧರ್ಮ ಪಾಲಿಸಿದೆ: ಟೋಪಿಯ ಹೊಲಿಗೆ ಎಣಿಸಬಹುದು, ಹಲ್ಲು ಎಣಿಸಬಹುದು. ಕ್ಯಾಮೆರಾಗೆ ಅರ್ಧ ದೂರದಷ್ಟು ಹತ್ತಿರ ಬಂದು ನಿಂತಿದ್ದ ಮೀನು ಫೋಕಸ್ಸಿನಿಂದ ಆಚೆ ಬಿದ್ದು, ಬೂದು ಬಣ್ಣದ ಒಂದು ಮಚ್ಚೆಯಾಗಿದೆ. ಕೆಳಗೆ ಮೊದಲ ಪ್ರತಿಕ್ರಿಯೆ ಬಂದಿದೆ: "ಸೂಪರ್ ಗುರು. ಬೆರಳಿಗೆ ಏನಾಗಿದೆ, ಬ್ಯಾಂಡೇಜ್ ಹಾಕಿದೀಯಾ?"