ಒಂದು ಕೈ ಜಾಸ್ತಿ

ಅಮೆರಿಕಕ್ಕೆ ಬಂದ ಹೊಸದರಲ್ಲಿ ಎಡಕ್ಕೆ ತಿರುಗಬೇಕಾದಾಗಲೆಲ್ಲ ನಾನು ವೈಪರ್ ಹಾಕುತ್ತಿದ್ದೆ. ಇಲ್ಲಿಗೆ ಬಂದ ನಮ್ಮವರೆಲ್ಲ ಹಾಕಿದವರೇ. ಊರಿನ ಕಾರಿನಲ್ಲಿ ಇಂಡಿಕೇಟರ್ ಕಡ್ಡಿ ಬಲಗಡೆ, ಇಲ್ಲಿ ಎಡಗಡೆ. ಮೋಡದ ಚೂರೂ ಇಲ್ಲದ ಟೆಕ್ಸಸ್ ಬಿಸಿಲಿನಲ್ಲಿ, ಸಿಗ್ನಲ್ಲಿನಲ್ಲಿ, ಒಣ ಗಾಜನ್ನು ಕರಕರ ಒರೆಸುತ್ತಾ ನಿಂತವಳು ನಾನು. ಆದರೆ ಕಾರು ಒಂದು ದಿನವೂ ಕತ್ತು ತಿರುಗಿಸಿ ನನ್ನ ಮುಖ ನೋಡಲಿಲ್ಲ. ಮೊನ್ನೆ ಶನಿವಾರ ಬಿಸ್ಕಟ್ ನೋಡಿತು.

ಬಿಸ್ಕಟ್ ಅಂದರೆ ಕುದುರೆ. 19 ವರ್ಷದ ಕ್ವಾರ್ಟರ್ ಹಾರ್ಸ್. ಕಾಲು ಮೈಲಿ ಓಟದಲ್ಲಿ ಗೆದ್ದು ಗೆದ್ದೇ ಆ ತಳಿಗೆ ಆ ಹೆಸರು ಬಂತಂತೆ. ಬಿಸ್ಕಟ್‌ಗೆ ಈಗ ಓಟದ ಮೇಲೆ ಆಸೆ ಇಲ್ಲ. ಅದಕ್ಕೇ ಅದನ್ನು ನನ್ನಂಥವರಿಗೆ ಕೊಡುತ್ತಾರೆ.

ನಾನು ಏನೂ ಗೊತ್ತಿಲ್ಲದೆ ಹೋದವಳಲ್ಲ, ಅದೇ ಹೊಟ್ಟೆಯುರಿ. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಆರು ತಿಂಗಳು ಕುದುರೆ ಸವಾರಿ ಕಲಿತಿದ್ದೆ. ಇಂಗ್ಲಿಷರು ದಂಡಿನ ಜೊತೆ ತಂದು, ಹೋಗುವಾಗ ಬಿಟ್ಟುಹೋದ ಶೈಲಿ. ಕಲಿಸಿದವರು ಸೇನೆಯಿಂದ ನಿವೃತ್ತರಾದ ದಫೇದಾರ್ ಸಾಹೇಬರು. ಎರಡು ಕೈಗೆ ಎರಡು ಲಗಾಮು. ಪಟ್ಟಿ ಕಿರುಬೆರಳು, ಉಂಗುರದ ಬೆರಳಿನ ನಡುವೆ ಹಾದು ಬರಬೇಕು, ಹೆಬ್ಬೆರಳು ಮೇಲಿರಬೇಕು. "ಎರಡೂ ಕೈಯಲ್ಲಿ ಕಾಫಿ ಲೋಟ ಇದೆ ಅಂದ್ಕೊಳ್ಳಮ್ಮಾ, ಚೆಲ್ಲಬಾರದು!" ಮೊಣಕೈಯಿಂದ ಕುದುರೆಯ ಬಾಯಿವರೆಗೆ ಗೆರೆ ಎಳೆದ ಹಾಗೆ ನೇರ. ಲಗಾಮು ಜೋತುಬಿದ್ದರೆ ಮೈದಾನದ ಆ ತುದಿಯಿಂದ ಕೂಗು: "ಫೋನ್ ಲೈನ್ ಕಟ್ ಆಯ್ತು!" ಎಡಕ್ಕೆ ಹೋಗಬೇಕಾ, ಎಡ ಲಗಾಮಿನಲ್ಲಿ ಮೆತ್ತಗೆ ಕೇಳು. ಬಲಕ್ಕಾ, ಬಲದಲ್ಲಿ ಕೇಳು. ಇದರಲ್ಲಿ ಗೊಂದಲ ಎಲ್ಲಿದೆ, ನೀವೇ ಹೇಳಿ.

ಈಗ ಫೋರ್ಟ್ ವರ್ತ್ ಹತ್ತಿರದ ಈ ರ‍್ಯಾಂಚಿಗೆ ಬನ್ನಿ. ಟೀಚರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಪೆಕಾನ್ ಮರದ ಕೆಳಗೆ ಮಡಚುವ ಕುರ್ಚಿ, ಕೈಯಲ್ಲಿ ನಮ್ಮನೆ ಸಾರಿನ ಪಾತ್ರೆಯಷ್ಟು ದೊಡ್ಡ ಲೋಟ, ಅದರ ತುಂಬ ಐಸ್ ಹಾಕಿದ ಸಿಹಿ ಟೀ. ಪಾಠ ಮುಗಿಯುವ ತನಕ ಅವರು ಏಳುವುದಿಲ್ಲ. ಎಲ್ಲ ತಪ್ಪಿಗೂ ಒಂದೇ ಮಾತು. "ಕ್ವಿಟ್ ಪುಲ್ಲಿಂಗ್, ಹನಿ." ಎಳೆಯಬೇಡ ಅಂತ. ಆ ಹನಿ ಜೇನು ಅಂತ ನನಗೂ ಗೊತ್ತು. ಆದರೂ ಹತ್ತನೇ ಸಲ ಕೇಳುವ ಹೊತ್ತಿಗೆ ನಾನು ನಿಜಕ್ಕೂ ಬೆವರಹನಿಯೇ ಆಗಿರುತ್ತೇನೆ.

ಇಲ್ಲಿ ಲಗಾಮಿಗೆ ಒಂದೇ ಕೈ, ಅದೂ ಎಡಗೈ. "ಐಸ್‌ಕ್ರೀಮ್ ಕೋನ್ ಹಿಡಿದ ಹಾಗೆ ಹಿಡಿ" ಅಂದರು. ಎರಡು ಲೋಟದ ನಾಡಿನಿಂದ ಒಂದು ಕೋನಿನ ನಾಡಿಗೆ ಬಂದೆ. ಎರಡು ಪಟ್ಟಿಯ ತುದಿಗಳೂ ಬೇರೆ ಬೇರೆ, ಮಾರುದ್ದ, ಜಡೆಯ ಹಾಗೆ ಜೋತಾಡುತ್ತವೆ. ದಫೇದಾರ್ ಸಾಹೇಬರು ನೋಡಿದ್ದರೆ ಫೋನ್ ಲೈನಲ್ಲ, ಕಂಬವೇ ಬಿತ್ತು ಅನ್ನುತ್ತಿದ್ದರು. ತಿರುಗಿಸುವುದು ಇನ್ನೂ ವಿಚಿತ್ರ. ಎಡಕ್ಕೆ ಹೋಗಲು ಕೈಯನ್ನು ಒಂಚೂರು ಎಡಕ್ಕೆ ಸರಿಸಬೇಕು. ಆಗ ಬಲಗಡೆಯ ಪಟ್ಟಿ ಕುದುರೆಯ ಕತ್ತಿಗೆ ತಾಗುತ್ತದೆ. ತಾಗಿದ ಕಡೆಯಿಂದ ಅದು ಆಚೆ ಸರಿಯುತ್ತದೆ. ಬಸ್ಸಿನಲ್ಲಿ ಪಕ್ಕದವರ ಮೊಣಕೈ ತಾಗಿದರೆ ನಾವು ಸರಿಯುತ್ತೇವಲ್ಲ, ಹಾಗೆ.

ಇದೆಲ್ಲ ದನ ಕಾಯುವವರ ಲೆಕ್ಕ. ಸ್ಪೇನಿನವರು ಮೆಕ್ಸಿಕೊಗೆ ತಂದದ್ದು ಅಲ್ಲಿನ ವಕೇರೋಗಳ, ಅಂದರೆ ದನಗಾಹಿಗಳ, ಕೈಯಿಂದ ಟೆಕ್ಸಸ್‌ಗೆ ಬಂತು. ದನಕ್ಕೆ ಹಗ್ಗ ಬೀಸಲು ಅವರಿಗೆ ಒಂದು ಕೈ ಖಾಲಿ ಬೇಕಿತ್ತು. ಸರಿ. ನಮ್ಮೂರ ವೃತ್ತಗಳಲ್ಲಿ ಕುದುರೆ ಮೇಲೆ ಕೂತ ಚೆನ್ನಮ್ಮ, ರಾಯಣ್ಣನಿಗೂ ಕತ್ತಿ ಹಿಡಿಯಲು ಒಂದು ಕೈ ಬೇಕು. ಅದೂ ಸರಿ. ನನಗೆ? ಹಗ್ಗವೂ ಇಲ್ಲ, ಕತ್ತಿಯೂ ಇಲ್ಲ. ಈ ಬಲಗೈ ಇಟ್ಟುಕೊಂಡು ನಾನೇನು ಮಾಡಲಿ? ತೊಡೆ ಮೇಲೆ ಇಟ್ಟೆ. ಕುದುರೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಅದು ತಾನಾಗಿಯೇ ಹೋಗಿ ಲಗಾಮು ಹಿಡಿದಿತ್ತು. ಸೊಂಟದ ಮೇಲಿಟ್ಟೆ. ಮತ್ತೆ ಹೋಯಿತು. "ಆ ಕೈ ಕೆಳಗೆ, ಹನಿ." ಕರೆಯದಿದ್ದರೂ ಅಡುಗೆಮನೆಗೆ ಬಂದು ಸೌಟು ಹಿಡಿಯುವ ನೆಂಟರ ಹಾಗೆ ನನ್ನ ಬಲಗೈ.

ಕೊನೆಗೆ ಟೀಚರ್ ನನ್ನನ್ನು ಮರದ ಹತ್ತಿರ ಕರೆದರು. ಕೂತಲ್ಲಿಂದಲೇ ಆ ಟೀ ಲೋಟವನ್ನು ಎತ್ತಿ ನನ್ನ ಬಲಗೈಗೆ ಕೊಟ್ಟರು. "ಇದನ್ನು ಹಿಡ್ಕೊ. ಚೆಲ್ಲಬೇಡ. ಆ ನೀಲಿ ಡ್ರಮ್ ಇದೆಯಲ್ಲ, ಅಲ್ಲಿಂದ ಎಡಕ್ಕೆ ತಿರುಗಿ ವಾಪಸ್ ಬಾ."

ಇಪ್ಪತ್ತು ವರ್ಷದ ಮೇಲೆ ಮತ್ತೆ ಲೋಟ!

ಡ್ರಮ್ಮಿನ ತನಕ ಚೆನ್ನಾಗಿಯೇ ಹೋದೆ. ಎಡಗೈಯನ್ನು ಎಡಕ್ಕೆ ಸರಿಸಿದೆ. ಬಿಸ್ಕಟ್ ಯೋಚನೆ ಮಾಡಿತು. ನನಗೆ ತಾಳ್ಮೆ ಇಲ್ಲ, ಇನ್ನೂ ಸರಿಸಿದೆ. ಕೈ ಮಂಡಿ ದಾಟಿತು. ಅಷ್ಟು ದೂರ ಹೋದರೆ ಏನಾಗುತ್ತದೆ ಅಂದರೆ, ಬಲಗಡೆಯ ಪಟ್ಟಿ ಕತ್ತಿನ ಮೇಲೆ ಬಿಗಿದು, ಆ ಕಡೆಯಿಂದ ಬಾಯನ್ನೇ ಎಳೆಯುತ್ತದೆ. ಕತ್ತಿಗೆ ಎಡಕ್ಕೆ ಹೋಗು ಅಂತ, ಬಾಯಿಗೆ ಬಲಕ್ಕೆ ಬಾ ಅಂತ. ಗಂಡ ಒಂದು, ಅತ್ತೆ ಒಂದು ಹೇಳಿದಾಗ ಸೊಸೆ ಏನು ಮಾಡಬೇಕೋ ಬಿಸ್ಕಟ್ ಅದನ್ನೇ ಮಾಡಿತು. ಮೊದಲು ಸುಮ್ಮನೆ ನಿಂತಿತು. ಆಮೇಲೆ ಮೂತಿ ಬಲಕ್ಕೆ ತಿರುಗಿಸಿ, ಒಂದೇ ಕಣ್ಣಲ್ಲಿ ನನ್ನ ಮುಖ ನೋಡಿತು. ಆಮೇಲೆ ಡ್ರಮ್ಮನ್ನು ಬಲಗಡೆ ಇಟ್ಟುಕೊಂಡು ಸುತ್ತತೊಡಗಿತು.

ಪ್ರದಕ್ಷಿಣೆ. ಶಾಸ್ತ್ರದ ಪ್ರಕಾರ, ಒಂದಿಷ್ಟೂ ತಪ್ಪಿಲ್ಲದೆ. ಮೊದಲ ಸುತ್ತಿಗೆ ಟೀ ಜೀನಿನ ಮೇಲೆ ಬಿತ್ತು. ಎರಡನೆಯದಕ್ಕೆ ಐಸು ನನ್ನ ಬೂಟಿನೊಳಗೆ ಹೋಯಿತು. ನಾನು ಕನ್ನಡದಲ್ಲಿ "ಎಡಕ್ಕೆ, ಎಡಕ್ಕೆ, ನಿನ್ನಜ್ಜಿ" ಅನ್ನುತ್ತಿದ್ದೆ. ಕೈ ಇನ್ನೂ ಎಡಕ್ಕೇ ಎಳೆಯುತ್ತಿತ್ತು. ಮೂರನೆಯ ಸುತ್ತಿಗೆ ಹೆದರಿ ಕೈಯನ್ನು ಹೊಟ್ಟೆಗೆ ಜಗ್ಗಿದೆ. ಬಿಸ್ಕಟ್ ತಲೆ ಮೇಲೆತ್ತಿ ಬಾಯಿ ಕಳೆಯಿತು.

ಟೀಚರ್ ಎದ್ದರು. ನಾನು ನೋಡಿದ್ದು ಅದೇ ಮೊದಲು.

ಬೈಯಲಿಲ್ಲ. ನನ್ನನ್ನು ಇಳಿಸಿ, ಲಾಯದ ಗೋಡೆಯಿಂದ ಇನ್ನೊಂದು ಕಡಿವಾಣ ತಂದರು. ಬಾಯಿಗಿಡುವ ಕಬ್ಬಿಣವನ್ನು ನನ್ನ ಮುಂಗೈ ಮೇಲಿಟ್ಟು, ಗದ್ದದ ಸರಪಳಿಯನ್ನು ಕೆಳಗಿನಿಂದ ಸಿಕ್ಕಿಸಿ, ಲಗಾಮನ್ನು ಎರಡೇ ಬೆರಳಲ್ಲಿ ಎಳೆದರು. ಅಯ್ಯಪ್ಪಾ! ಬೆಂಗಳೂರಿನಲ್ಲಿ ನಾವು ಹಾಕುತ್ತಿದ್ದದ್ದು ಸ್ನ್ಯಾಫಲ್. ಲಗಾಮು ನೇರ ಅದರ ಬಳೆಗೇ ಕಟ್ಟಿರುತ್ತದೆ, ಒಂದು ಕೆ.ಜಿ. ಎಳೆದರೆ ಬಾಯಿಗೆ ಒಂದೇ ಕೆ.ಜಿ. ಇದು ಕರ್ಬ್. ಪಕ್ಕದಲ್ಲಿ ಉದ್ದ ಕಡ್ಡಿ, ಲಗಾಮು ಅದರ ತುದಿಗೆ. ಕಡ್ಡಿಯ ಕೆಳಭಾಗ ಮೇಲ್ಭಾಗದ ಮೂರರಷ್ಟಿದ್ದರೆ ಒಂದು ಕೆ.ಜಿ. ಮೂರಾಗಿ ಹೋಗುತ್ತದೆ, ಹಾರೆ ಮೀಟಿದ ಹಾಗೆ. ಲಗಾಮು ಜೋತಾಡಲಿ ಅಂದದ್ದು ಸೋಮಾರಿತನಕ್ಕಲ್ಲ. ಆ ಕಬ್ಬಿಣ ಕೂರುವುದು ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ, ಹಲ್ಲೇ ಇಲ್ಲದ ವಸಡಿನ ಮೇಲೆ. ಹೆಸರಿನಲ್ಲಿ ಕಡಿ ಅಂತಿದೆ, ಕಡಿಯಲು ಅಲ್ಲಿ ಏನೂ ಇಲ್ಲ. ನಮ್ಮ ಪೇಪರುಗಳು ಬೆಲೆ ಏರಿಕೆಗೆ, ಫ್ಲೆಕ್ಸಿಗೆ, ಬೀದಿನಾಯಿಗೆ ದಿನಾ ಕಡಿವಾಣ ಹಾಕುತ್ತವಲ್ಲ, ಬರೆಯುವವರ ಮುಂಗೈಗೂ ಒಂದು ಸಲ ಹಾಕಿಸಬೇಕು.

ಇಷ್ಟು ಹೊತ್ತೂ ನನ್ನ ಮಗಳು ವಿಡಿಯೊ ಮಾಡುತ್ತಿದ್ದಳು. ಮನೆ ಗ್ರೂಪಿಗೆ ಹಾಕಿಯೂ ಆಗಿತ್ತು. ದೊಡ್ಡಮ್ಮ: "ಕುದುರೆ ಬಡಕಲಾಗಿದೆ, ಹೊಟ್ಟೆಗೆ ಹಾಕ್ತಾರಾ?" ತಮ್ಮ: "ಅಕ್ಕಾ, ಯಾವ ದೇವ್ರ ಹರಕೆ?" ಸೈಕಲ್ಲೂ ಬಿಡಲು ಬಾರದ ಚಿಕ್ಕಪ್ಪ: "ಲಗಾಮು ಬಿಗಿಯಾಗಿ ಹಿಡಿಯಬೇಕಮ್ಮ."

ಅಮ್ಮ ಮಾತ್ರ, "ನಿಮ್ಮಜ್ಜ ನಿದ್ದೆ ಮಾಡ್ಕೊಂಡೇ ಗಾಡಿ ತರ್ತಿದ್ರು" ಅಂತ ಹಾಕಿದ್ದಳು.

ಹೌದು, ತರುತ್ತಿದ್ದರು. ತಿಪಟೂರಿನಲ್ಲಿ ಕೊಬ್ಬರಿ ಮೂಟೆ ಇಳಿಸಿ ರಾತ್ರಿ ವಾಪಸ್ ಬರುವಾಗ ಹಗ್ಗ ಒಂದೇ ಕೈಯಲ್ಲಿ. ಇನ್ನೊಂದು ಕೈ, ಚಳಿ ಅಂತ ಕಂಬಳಿಯೊಳಗೆ ನನ್ನ ಬೆನ್ನ ಮೇಲೆ. ಹಗ್ಗ ಸಡಿಲವಾಗಿ ಎತ್ತುಗಳ ಬೆನ್ನಿಗೆ ಸವರುತ್ತಿತ್ತು. ಜಗ್ಗಿದ್ದು ನಾನು ನೋಡಿಲ್ಲ. ಆ ಖಾಲಿ ಕೈ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಶನಿವಾರದ್ದು ಇನ್ನೂ ಮುಗಿದಿಲ್ಲ. ಗ್ರೂಪ್ ನೋಡಿ ತಲೆ ಕೆಟ್ಟಿತ್ತು, ಬೂಟು ಪಚಪಚ ಅನ್ನುತ್ತಿತ್ತು. "ಇವತ್ತಿಗೆ ಸಾಕು" ಅಂತ ಲಗಾಮನ್ನು ನೆಲಕ್ಕೆ ಬಿಸಾಕಿ, ತಲೆಯೆತ್ತಿ ಗೇಟಿನ ಕಡೆ ನಡೆದೆ. ಬಿಸ್ಕಟ್ ಎಲ್ಲಿಗಾದರೂ ಓಡಿಹೋಗಲಿ, ಟೀಚರ್ ಅದರ ಹಿಂದೆ ಓಡಲಿ ಅನ್ನುವಷ್ಟು ಕೋಪ. ಗೇಟಿನ ಹತ್ತಿರ ತಿರುಗಿ ನೋಡಿದರೆ ಅದು ಇದ್ದಲ್ಲೇ ಇದೆ. ಒಂದು ಹೆಜ್ಜೆ ಕದಲಿಲ್ಲ. ಲಗಾಮು ನೆಲಕ್ಕೆ ಬಿತ್ತು ಅಂದರೆ ಇಲ್ಲೇ ನಿಲ್ಲು ಅಂತ ಇಲ್ಲಿಯ ಕುದುರೆಗಳಿಗೆ ಕಲಿಸಿರುತ್ತಾರಂತೆ.

"ನೋಡಿದೆಯಾ ಹನಿ," ಟೀಚರ್ ಕುರ್ಚಿಗೆ ವಾಪಸ್ ಹೋಗಿಯಾಗಿತ್ತು. "ಇವತ್ತು ನೀನು ಸರಿಯಾಗಿ ಹೇಳಿದ್ದು ಅದೊಂದೇ. ಈಗ ಬಂದು ಅದನ್ನು ಲಾಯಕ್ಕೆ ಕಟ್ಟು. ಬರುವಾಗ ನನ್ನ ಲೋಟ ತಗೊಂಡು ಬಾ."