ಗಿಳಿಗಳಿಗೆ ಪ್ರತಿಜ್ಞೆ ಬೋಧಿಸುವವರು ಯಾರು?

ಜೂನ್ 26, ಮಾದಕವಸ್ತು ವಿರೋಧಿ ದಿನ, ಬಂತು, ಹೋಯಿತು. ಜಿಟಿಜಿಟಿ ಮಳೆಯಲ್ಲಿ ನಮ್ಮೂರ ಸರ್ಕಲ್ಲಿನಲ್ಲಿ ಸ್ಕೂಲ್ ಮಕ್ಕಳನ್ನು ನಿಲ್ಲಿಸಿ ಮಾನವ ಸರಪಳಿ ಮಾಡಿಸಿದರು. ಸರಪಳಿಯ ಒಂದು ತುದಿ ಲೈಬ್ರರಿ ಗೇಟಿನ ಹತ್ತಿರ, ಇನ್ನೊಂದು ಮದ್ಯದಂಗಡಿ ಮುಂದೆ. ಬಲಗೈ ಮುಂದೆ ಚಾಚಿಸಿ ಪ್ರತಿಜ್ಞೆಯನ್ನೂ ಬೋಧಿಸಿದರು. ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗ ತೊಪ್ಪೆಯಾಗಿ ಬಂದವನೇ, 'ಅಂಕಲ್, ಇವತ್ತಿಂದ ನಾನು ಡ್ರಗ್ಸ್ ಬಿಟ್ಟೆ' ಎಂದ. ಒಳ್ಳೇದಾಯ್ತು ಕಣಪ್ಪಾ, ಮೊದಲು ತಲೆ ಒರೆಸಿಕೋ ಎಂದೆ.

ಹಿಡಿಯದ ಚಟವನ್ನು ಒಂದೇ ಬೆಳಿಗ್ಗೆಯಲ್ಲಿ ಬಿಡಿಸುವ ಇಂಥ ಸರ್ಕಾರ ಇನ್ನೆಲ್ಲಿದೆ ಹೇಳಿ! ಕೇಂದ್ರ ಸರ್ಕಾರ ಏಮ್ಸ್‌ನವರಿಂದ ಮಾಡಿಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ಅಫೀಮು, ಹೆರಾಯಿನ್, ನೋವಿನ ಗುಳಿಗೆಗಳ ಜಾತಿಯ ಅಮಲು ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ. ಇವರಲ್ಲಿ ಎಷ್ಟು ಜನ ಆ ಸರಪಳಿಯಲ್ಲಿ ಕೈ ಹಿಡಿದು ನಿಂತಿದ್ದರೋ ಗೊತ್ತಿಲ್ಲ. ನಿಂತಿದ್ದವರೆಲ್ಲ ಹೋಮ್‌ವರ್ಕ್ ಮಾಡದವರು ಅನ್ನುವುದಷ್ಟೇ ಖಾತ್ರಿ.

ಪ್ರತಿಜ್ಞೆಯ ವಿಷಯದಲ್ಲಿ ನಾವಿನ್ನೂ ಎಲ್‌ಕೆಜಿ. ಪಂಜಾಬಿನವರನ್ನು ನೋಡಿ ಕಲಿಯಬೇಕು. 2015ರಲ್ಲಿ ಕ್ಯಾಪ್ಟನ್ ಅಮರಿಂದರ್ ಸಿಂಗ್ ಬಠಿಂಡಾದ ಸಭೆಯಲ್ಲಿ ಗುಟ್ಕಾ ಸಾಹಿಬ್ ಹಿಡಿದು, ನಾಲ್ಕೇ ವಾರದಲ್ಲಿ ಡ್ರಗ್ಸ್ ದಂಧೆಗೆ ಗತಿ ಕಾಣಿಸುತ್ತೇನೆ ಎಂದು ಆಣೆ ಮಾಡಿದರು. (ನಮ್ಮ ಗುಟ್ಕಾ ಅಲ್ಲ ಮಾರಾಯ್ರೇ, ಸಿಖ್ಖರ ಪವಿತ್ರ ಪ್ರಾರ್ಥನಾ ಪುಸ್ತಕ.) ಗೆದ್ದರು. ವಾರಗಳು ವರ್ಷಗಳಾದವು. ನಾನು ಸೊಂಟ ಮುರೀತೀನಿ ಅಂದಿದ್ದೇ ಹೊರತು ಪೂರ್ತಿ ಮುಗಿಸ್ತೀನಿ ಅಂದಿರಲಿಲ್ಲ ಎಂಬ ಧಾಟಿಯ ಸಮಜಾಯಿಷಿಯೂ ಬಂತು. ವ್ಯಾಕರಣ ಗೊತ್ತಿರುವ ರಾಜಕಾರಣಿ ಸಿಗುವುದು ಪುಣ್ಯ. ಆಮೇಲೆ ಬಂದ ಸರ್ಕಾರ 2025ರ ಮಾರ್ಚಿನಲ್ಲಿ ಮೂರು ತಿಂಗಳ ಗಡುವು ಇಟ್ಟು ಡ್ರಗ್ಸ್ ಮಾರುವವರ ಮನೆಗಳ ಮೇಲೆ ಬುಲ್ಡೋಜರ್ ಹತ್ತಿಸಿತು. ಅದೇ ರಾಜ್ಯದಲ್ಲಿ 2017ರಿಂದಲೇ ಚಟ ಬಿಡಿಸಲು ನಾಲಿಗೆ ಕೆಳಗಿಡುವ ಬುಪ್ರೆನಾರ್ಫಿನ್ ಗುಳಿಗೆ ಕೊಡುವ ಸರ್ಕಾರಿ ಕ್ಲಿನಿಕ್ಕುಗಳಿವೆ, ಚಟಕ್ಕೆ ಬಿದ್ದವರು ಸಾಲು ನಿಂತು ತೆಗೆದುಕೊಳ್ಳುತ್ತಾರೆ. ಆದರೆ ಗುಳಿಗೆ ತೆಗೆದುಕೊಳ್ಳುವವನ ಮುಂದೆ ಟಿವಿ ಕ್ಯಾಮೆರಾ ಇಟ್ಟರೆ ಏನು ಕಾಣುತ್ತೆ? ಗೋಡೆ ಉರುಳುವುದರ ಮಜವೇ ಬೇರೆ.

2018ರಲ್ಲಿ ಇನ್ನೊಂದು ರತ್ನ ಹೊಳೆದಿತ್ತು: ಪಂಜಾಬಿನ ಸರ್ಕಾರಿ ನೌಕರರಿಗೆಲ್ಲ ಡೋಪ್ ಟೆಸ್ಟ್. ಇದು ನಮ್ಮಲ್ಲಿಗೂ ಬಂದರೆ ಏನು ಗತಿ ಎಂದು ನನಗೆ ನಿದ್ದೆ ಬಂದಿರಲಿಲ್ಲ. ಯಾಕೆ ಅಂತೀರಾ? ಗಸಗಸೆ ಪಾಯಸ. ಗಸಗಸೆ ಅಂದರೆ ಅಫೀಮು ಗಿಡದ ಬೀಜವೇ. ಹಬ್ಬದ ದಿನ ಎರಡು ಲೋಟ ಜಾಸ್ತಿ ಹೊಡೆದ ಗುಮಾಸ್ತ ಮರುದಿನ ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಾಧ್ಯತೆ ಉಂಟು. ತಮಾಷೆಯಲ್ಲ, ದುಬೈಗೆ ಹೋಗುವ ನಮ್ಮ ಕರಾವಳಿಯ ಹುಡುಗರನ್ನು ಕೇಳಿ. ಅಲ್ಲಿ ಗಸಗಸೆಯೇ ನಿಷಿದ್ಧ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಪೊಟ್ಟಣ ವಿಮಾನ ನಿಲ್ದಾಣದಲ್ಲಿ ಸಾಕ್ಷ್ಯವಾಗುತ್ತದೆ. ಇಲ್ಲಿ ಅದೇ ಪಾಯಸ ಕುಡಿದು ಮಧ್ಯಾಹ್ನ ಮೂರಕ್ಕೆ ತಾಲ್ಲೂಕು ಕಚೇರಿಯಲ್ಲಿ ತೂಕಡಿಸಿದರೆ ಅದು ಕರ್ತವ್ಯ ನಿರ್ವಹಣೆ.

ಇನ್ನು ಗುಳಿಗೆಗಳ ಕಥೆ. ಟ್ರಮಡಾಲ್ ಎಂಬ ನೋವಿನ ಗುಳಿಗೆಯನ್ನು ಜನ ಅಮಲಿಗೆ ನುಂಗುತ್ತಿದ್ದಾರೆಂದು 2018ರಲ್ಲಿ ಅದನ್ನು ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯೊಳಗೆ ತಂದರು. ಭೇಷ್. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತ ಅದರ ದಾಯಾದಿ ಟಪೆಂಟಡಾಲ್ ಬಂತು. ಈಗ ನಮ್ಮ ಜಿಲ್ಲಾ ಪತ್ರಿಕೆಗಳಲ್ಲಿ ಹುಡುಗರು ಪುಡಿ ಮಾಡಿ ಚುಚ್ಚಿಕೊಳ್ಳುತ್ತಿದ್ದಾರೆ ಅಂತ ಬರುವುದು ಅದೇ. 2025ರ ಫೆಬ್ರವರಿಯಲ್ಲಿ ಬಿಬಿಸಿಯವರು ಗುಪ್ತ ಕ್ಯಾಮೆರಾ ಹಿಡಿದು ಹೋದಾಗ, ಮುಂಬೈನ ಕಂಪನಿಯೊಂದು ಇದೇ ಟಪೆಂಟಡಾಲ್‌ಗೆ ಕ್ಯಾರಿಸೊಪ್ರೊಡಾಲ್ ಎಂಬ ಸ್ನಾಯು ಸಡಿಲಿಸುವ ಮದ್ದು ಬೆರೆಸಿ ಘಾನಾ, ನೈಜೀರಿಯಾಗಳಿಗೆ ಕಳಿಸುತ್ತಿದ್ದದ್ದು ಹೊರಬಿತ್ತು. ಆ ಮಿಶ್ರಣಕ್ಕೆ ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ. ಸುದ್ದಿ ಬಂದ ಮೇಲೆ ದೆಹಲಿ ಎಚ್ಚೆತ್ತು ತಾನೇ ಕೊಟ್ಟಿದ್ದ ರಫ್ತು ಪರವಾನಗಿಗಳನ್ನು ರದ್ದು ಮಾಡಿತು. ಆಫ್ರಿಕಾದ ಹುಡುಗರಿಗೆ ಮಾನವ ಸರಪಳಿ ಮಾಡಿಸುವವರು ಯಾರೂ ಇರಲಿಲ್ಲವೇನೋ ಪಾಪ.

ನನಗೆ ಅತಿ ಇಷ್ಟವಾದದ್ದು ಮಧ್ಯಪ್ರದೇಶದ ನೀಮಚ್‌ನ ಗಿಳಿಗಳು. ಅಲ್ಲಿ ಸರ್ಕಾರದ ಲೈಸೆನ್ಸ್ ಇದ್ದ ರೈತರು ಅಫೀಮು ಬೆಳೆದು ಸರ್ಕಾರಕ್ಕೇ ತೂಗಿ ಕೊಡಬೇಕು. ಕಡಿಮೆ ಬಂದರೆ ಲೈಸೆನ್ಸ್ ಹೋಗುತ್ತೆ. ಆದರೆ ಗಿಳಿಗಳು ಕಾಯಿ ಕಚ್ಚಿಕೊಂಡು ಹಾರುತ್ತವೆ. ರೈತ ಹಗಲೆಲ್ಲ ಡಬ್ಬ ಬಡಿಯುತ್ತಾನೆ, ಪಟಾಕಿ ಹೊಡೆಯುತ್ತಾನೆ. ಗಿಳಿ ತಿಂದದ್ದಕ್ಕೆ ರಸೀದಿ ಕೊಡುತ್ತಾ? ಉತ್ತರಪ್ರದೇಶದ ಮಥುರಾದಲ್ಲಿ ಪೊಲೀಸರು ಠಾಣೆಯಲ್ಲಿದ್ದ 500 ಕೆ.ಜಿ.ಗೂ ಹೆಚ್ಚು ಗಾಂಜಾವನ್ನು ಇಲಿಗಳು ತಿಂದವು ಎಂದು 2022ರಲ್ಲಿ ಕೋರ್ಟಿಗೇ ಹೇಳಿದ್ದರು. ಇಲಿಗೆ ಆ ಸೌಕರ್ಯ ಉಂಟು, ಗಿಳಿಗೆ ಇಲ್ಲ.

ನೀಮಚ್ ಅಂದಾಗ ನನಗೆ ನಗು ನಿಲ್ಲುತ್ತದೆ. ಅಲ್ಲೇ ಸರ್ಕಾರದ ಅಫೀಮು ಕಾರ್ಖಾನೆ ಇದೆ, ಅಫೀಮಿನಿಂದ ತೆಗೆಯುವ ನೋವಿನ ಮದ್ದು ಮಾರ್ಫಿನ್ ಅಲ್ಲಿಂದಲೂ ಹೊರಡುತ್ತದೆ. ನಮ್ಮ ಸೋದರತ್ತೆಗೆ ಎಪ್ಪತ್ತನಾಲ್ಕು. ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ರಾತ್ರಿ ಕೂಗುತ್ತಿದ್ದಳು. ಊರಿನ ಆಸ್ಪತ್ರೆಯಲ್ಲಿ ಮಾರ್ಫಿನ್ ಇರಲಿಲ್ಲ. ಕೇಳಿದ್ದಕ್ಕೆ ಅಲ್ಲಿಯ ಡಾಕ್ಟರು, 'ಚಟ ಆಗಿಬಿಡುತ್ತೆ, ರಿಸ್ಕ್ ಬೇಡ' ಎಂದರು. ಎಪ್ಪತ್ತನಾಲ್ಕಕ್ಕೆ, ಇನ್ನೊಂದು ತಿಂಗಳು ಉಳಿಯುವವಳಿಗೆ, ಚಟ! 1985ರಲ್ಲಿ ಎನ್‌ಡಿಪಿಎಸ್ ಬಂದ ಮೇಲೆ ಲೈಸೆನ್ಸುಗಳ ಭಯಕ್ಕೆ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ವರ್ಷಕ್ಕೆ ನೂರಾರು ಕೆ.ಜಿ. ಇದ್ದ ಬಳಕೆ 1997ರ ಹೊತ್ತಿಗೆ ಇಡೀ ದೇಶಕ್ಕೆ 18 ಕೆ.ಜಿ.ಗೆ ಇಳಿದಿತ್ತು. 2014ರಲ್ಲಿ ತಿದ್ದುಪಡಿ ಮಾಡಿ ಸಲೀಸು ಮಾಡಿದರು, ಕಾಗದದ ಮೇಲೆ. ಅತ್ತೆ ಹೋದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಟಪೆಂಟಡಾಲ್ ಬೇಕಾದ ಹುಡುಗನಿಗೆ ರಾತ್ರಿ ಹತ್ತಕ್ಕೂ ಸಿಗುತ್ತದೆ. ಅವಳಿಗೆ ಸಿಗಲಿಲ್ಲ. ಇದಕ್ಕೆ ಚಂದದ ವ್ಯಂಗ್ಯ ಹುಡುಕುವಷ್ಟು ತಾಳ್ಮೆ ನನಗಿಲ್ಲ.

ಪಕ್ಕದ ಮನೆ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಸ್ಕೂಲಲ್ಲಿ 'ವ್ಯಸನಮುಕ್ತ ಭಾರತ' ಅಂತ ಪ್ರಬಂಧ ಸ್ಪರ್ಧೆ. ನನ್ನಿಂದ ಕೇಳಿಕೊಂಡು ಹೋಗಿ ಗಿಳಿಗಳ ಬಗ್ಗೆ ಒಂದು ಪುಟ ಬರೆದಿದ್ದಾನೆ. ಮೇಷ್ಟ್ರು ಅಷ್ಟನ್ನೂ ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಬರೆದಿದ್ದಾರೆ: 'ವಿಷಯಾಂತರ.'